ಎಡಕ್ಕೆ ವಾಲುವ ರಾಡು

ಬನಶಂಕರಿ ತಾಯಿಗೆ ನಾನು ಹೊತ್ತ ಹರಕೆ ಐದು ವರ್ಷವಾದರೂ ತೀರಿರಲಿಲ್ಲ. ಮಗಳಿಗೆ ಏಳು ತಿಂಗಳಿಗೇ ಹೆರಿಗೆಯಾಗಿ, ಕೂಸನ್ನು ಬಾಗಲಕೋಟೆಯ ದವಾಖಾನೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಹೊರಗಿನ ಬೆಂಚಿನ ಮೇಲೆ ಕುಳಿತು ನಾನು ಬೇಡಿಕೊಂಡದ್ದು ಇಷ್ಟೇ: ಕೂಸು ಉಳಿಯಲಿ, ಬಾದಾಮಿಗೆ ಬಂದು ನಿನ್ನ ಗುಡಿಗೆ ಒಂದು ಸುತ್ತು ದೀಡ ನಮಸ್ಕಾರ ಹಾಕುತ್ತೇನೆ. ಕೂಸು ಉಳಿಯಿತು. ಈಗ ಅಂಗನವಾಡಿಗೆ ಹೋಗುತ್ತಾಳೆ, ಹೋದ ಕಡೆಯೆಲ್ಲ ಒಂದು ಚಪ್ಪಲಿ ಬಿಟ್ಟು ಬರುತ್ತಾಳೆ. ತಾಯಿ ತನ್ನ ಮಾತು ನಡೆಸಿದಳು. ನಾನು ನಡೆಸಿರಲಿಲ್ಲ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ತಲೆಯ ಮೇಲೆ ನೀರು ಹಾಕಿಕೊಂಡು ಒದ್ದೆ ಸೀರೆಯಲ್ಲೇ ನಿಂತು, ಕೈ ಮುಗಿದು, ನೆಲಕ್ಕೆ ಉದ್ದಕ್ಕೆ ಬೀಳಬೇಕು. ಚಾಚಿದ ಬೆರಳು ಎಲ್ಲಿ ಮುಟ್ಟುತ್ತದೋ ಅಲ್ಲಿ ಜೊತೆಗೆ ಬಂದವರು ಒಂದು ಗೆರೆ ಎಳೆಯುತ್ತಾರೆ. ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಬೀಳಬೇಕು. ಹೀಗೇ ಗುಡಿ ಸುತ್ತಬೇಕು. ಬೀಳುವುದು ಯಾರಿಗೂ ಕಷ್ಟವಲ್ಲ, ಏಳುವುದೇ ಹರಕೆ. ಬಿದ್ದವರನ್ನು ಯಾರಾದರೂ ಕೈ ಹಿಡಿದು ಎಬ್ಬಿಸಿದರೆ ಆ ನಮಸ್ಕಾರ ಎಬ್ಬಿಸಿದವರಿಗೇ ಹೋಗುತ್ತದೆ ಎಂಬುದು ನಮ್ಮ ಮನೆಯ ಹೆಂಗಸರ ನಂಬಿಕೆ.

ಮೊದಲ ಎರಡು ವರ್ಷ ಅತ್ತೆಯವರ ಕಾಯಿಲೆ, ಸೂತಕ ಎಂದು ಮುಂದಕ್ಕೆ ಹೋಯಿತು. ಆಮೇಲೆ ನನ್ನ ಮೊಣಕಾಲು. ನಲವತ್ತು ವರ್ಷ ನೆಲದ ಮೇಲೆ ಕುಳಿತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದವಳು ನಾನು. ಇಳಕಲ್ಲಿನ ನಮ್ಮ ಓಣಿಯಲ್ಲಿ ಹೆಂಗಸರೆಲ್ಲ ಹಾಗೇ ಕುಳಿತವರು. ಕುಳಿತು ಕುಳಿತು ಏಳುವುದನ್ನೇ ಮರೆತೆವೋ ಏನೋ, ಅರವತ್ತು ದಾಟಿದ ಮೇಲೆ ಪೂಜೆಗೆ ಕುಳಿತರೆ ಗೋಡೆ ಹಿಡಿಯದೆ ಏಳಲು ಆಗುತ್ತಿರಲಿಲ್ಲ. ಆದರೂ ಹಿಂದಿನ ಚಳಿಗಾಲದಲ್ಲಿ, ಇನ್ನು ತಡ ಮಾಡಿದರೆ ಆಗುವುದೇ ಇಲ್ಲ ಎಂದು ಹೆದರಿ, ಯಜಮಾನರನ್ನು ಕರೆದುಕೊಂಡು ಒಂದು ಶುಕ್ರವಾರ ಬಾದಾಮಿಗೆ ಹೋದೆ.

ಮೂರು ನಮಸ್ಕಾರ ಆದವು. ನಾಲ್ಕನೆಯದಕ್ಕೆ ಬಿದ್ದವಳು ಏಳಲಿಲ್ಲ. ಕೈ ಊರಿದೆ, ಮೊಣಕಾಲು ಮಡಿಸಿದೆ, ಸೊಂಟ ಮೇಲೇಳಲಿಲ್ಲ. ಹಿಂದೆ ಬರುತ್ತಿದ್ದ ಇಬ್ಬರು ಹೆಂಗಸರು, ಯಾರೋ ಏನೋ, ಕಂಕುಳಲ್ಲಿ ಕೈ ಹಾಕಿ ನನ್ನನ್ನು ಎತ್ತಿ ನಿಲ್ಲಿಸಿದರು. ಒಳ್ಳೆಯ ಮನಸ್ಸಿನಿಂದಲೇ ಎತ್ತಿದರು. ನನ್ನ ಮನಸ್ಸು ಮಾತ್ರ ಅಲ್ಲೇ ಕುಸಿದು ಹೋಯಿತು. ಬಸ್ಸಿನಲ್ಲಿ ಬರುವಾಗ ಯಜಮಾನರು, ತಾಯಿಗೆ ಎಲ್ಲ ಗೊತ್ತಿರುತ್ತದೆ, ಕಾಯಿ ಒಡೆಸಿದರೂ ಸಾಕು ಎಂದರು. ನನಗೆ ಸಾಕಾಗಿರಲಿಲ್ಲ. ಬೇಡುವಾಗ ಕಾಯಿ ಎಂದು ಬೇಡಿರಲಿಲ್ಲವಲ್ಲ. ಹರಕೆ ತೀರದೆ ನಾನು ಹೋದರೆ ಅದು ಆ ಕೂಸಿನ ತಲೆಯ ಮೇಲೆ ಬರುತ್ತದೇನೋ ಎಂಬ ಅಂಜಿಕೆ ಹತ್ತಿಕೊಂಡಿತು.

ಮಗಳು ಹುನಗುಂದದಲ್ಲಿ ಸಾಲಿಯ ಪಿ.ಟಿ. ಟೀಚರು. ಭಾನುವಾರ ಬಂದವಳು ಎಲ್ಲ ಕೇಳಿಸಿಕೊಂಡಳು. ಸಮಾಧಾನ ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ತೊಡೆ ಹಿಡಿದು ನೋಡಿದಳು, ಕೋಳಿ ಕೊಳ್ಳುವವರು ನೋಡಿದ ಹಾಗೆ.

"ನಿನ್ನ ಮೊಣಕಾಲ ನೆಟ್ಟಗದಾವ ಯವ್ವಾ. ಅವಕ್ಕ ಆಸರಾಗೋ ಬಲಾ ಇಲ್ಲ. ಬಲಾ ಬರಸೋಣು. ಈ ವಯಸ್ಸಿನಾಗೂ ಬರ್ತೈತಿ."

ಮೊದಲು ಮಂಚದ ಅಂಚಿನಿಂದ ಕೈ ಊರದೆ ಎದ್ದು ಕೂಡುವುದು. ಆಮೇಲೆ ಕುರ್ಚಿ, ಆಮೇಲೆ ಸಣ್ಣ ಸ್ಟೂಲು. ಆಮೇಲೆ ಕಸಬರಿಗೆಯ ಕೋಲು ಹಿಡಿಸಿ, ನೆಲದಿಂದ ಭಾರ ಎತ್ತುವುದು ಹೇಗೆ ಎಂದು ತೋರಿಸಿದಳು. ಪಾದ ನೆಟ್ಟಗೆ, ಬೆನ್ನು ನೆಟ್ಟಗೆ, ಕಾಲಿನಿಂದ ನೆಲವನ್ನು ಒತ್ತು, ರಾಡು ಮೈಗೆ ತಾಗಿದಂತೆಯೇ ಮೇಲೆ ಬರಲಿ. ಯುಗಾದಿಯ ಹೊತ್ತಿಗೆ ಕೋಲು ಹೋಗಿ ನಿಜವಾದ ಕಬ್ಬಿಣದ ರಾಡು ಬಂತು, ಹತ್ತು ಕಿಲೋದ್ದು. ಯಜಮಾನರ ತಮ್ಮನಿಗೆ ಊರ ಹೊರಗೆ ಗ್ರಾನೈಟ್ ಪಾಲಿಶಿನ ಕೆಲಸವಿದೆ, ಅವನೇ ತನ್ನ ಶೆಡ್ಡಿನಿಂದ ಕೊಯ್ಸಿ ತಂದ. ಸೀರೆಯಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ ಎಂದು ಮಗಳು ತನ್ನ ಹಳೆಯ ಟ್ರ್ಯಾಕ್ ಪ್ಯಾಂಟು ಕೊಟ್ಟಳು. ನೈಟಿಯ ಕೆಳಗೆ ಅದನ್ನು ಹಾಕಿಕೊಂಡು, ಮುಂಜಾನೆ ಪೂಜೆ ಮುಗಿಸಿ, ದೇವರ ಮಾಡದ ಮುಂದೆ ಕೌದಿ ಹಾಸಿ ನಿಲ್ಲುತ್ತಿದ್ದೆ. ಒಂದೊಂದು ಸಲ ಎತ್ತುವಾಗ ತಾಯಿಯ ಒಂದೊಂದು ಹೆಸರು. ಐದು ಹೆಸರು, ಸ್ವಲ್ಪ ಕೂಡುವುದು, ಮತ್ತೆ ಐದು. ಹೀಗೆ ವಾರಕ್ಕೆ ಮೂರು ದಿನ.

ಯಜಮಾನರು ಚಹಾ ಕುಡಿಯುತ್ತ ನೋಡುವರು. ಅರವತ್ತಮೂರಕ್ಕೆ ಕುಸ್ತಿ ಹಿಡಿಯಲು ಹೊರಟಿದ್ದಾಳೆ, ಇನ್ನು ಮೇಲೆ ನಾನು ಎದುರು ಮಾತಾಡುವ ಹಾಗಿಲ್ಲ ಎಂದು ಬಂದವರ ಮುಂದೆಲ್ಲ ಹೇಳುವರು.

ನಾಗರ ಪಂಚಮಿ ಮುಗಿದ ಮೇಲೆ ಮಗಳು ಭಾರ ಹೆಚ್ಚಿಸಬೇಕೆಂದಳು. ಜಿಮ್ಮಿನ ಕಬ್ಬಿಣದ ಬಿಲ್ಲೆ ಕೊಳ್ಳುವುದು ಬೇಡ, ನಮ್ಮೂರಲ್ಲಿ ಕಲ್ಲಿಗೆ ಬರವೇ ಎಂದು ಮೈದುನ, ಒಂದೇ ಅಳತೆಯ ಎರಡು ದುಂಡನೆಯ ಕಲ್ಲು ಕೊಯ್ಸಿ ನಡುವೆ ತೂತು ಕೊರೆಸಿದ. ಎರಡೂ ಕೆಂಪು ಕಲ್ಲೇ ಆಗಬೇಕಿತ್ತಂತೆ. ತೂತು ಕೊರೆಯುವಾಗ ಒಂದು ಸೀಳಿತು, ಅದರ ಬದಲು ಕರಿಯ ಚಪ್ಪಡಿಯಲ್ಲಿ ಇನ್ನೊಂದು ಕೊಯ್ಸಿದ. ಕೆಂಪನ್ನು ತೂಗಿ ನೋಡಿ ಎಂಟು ಕಿಲೋ ಎಂದ. ಕರಿಯದೂ ಅದೇ ಅಳತೆ, ಅದೇ ದಪ್ಪ, ಮತ್ತೇನು ತೂಗುವುದು ಎಂದ. ರಾಡಿಗೆ ಸಿಕ್ಕಿಸಿ, ಜಾರದಂತೆ ಆಚೆ ಈಚೆ ಮಗ್ಗದ ಹುರಿಯಿಂದ ಬಿಗಿದು ಕಟ್ಟಿಕೊಟ್ಟ. ನುಣ್ಣಗೆ ಪಾಲಿಶು ಮಾಡಿದ್ದರಿಂದ ಅದರಲ್ಲಿ ದೇವರ ದೀಪ ಕಾಣುತ್ತಿತ್ತು. ನನಗೆ ಬಹಳ ಹಿಡಿಸಿತು. ಮೊದಲ ದಿನ ಅರಿಶಿನ ಕುಂಕುಮ ಹಚ್ಚಿದೆ.

ಆ ದಿನವೇ ಒಂದು ಫಜೀತಿ ಆಯಿತು. ಮಗಳು ಪಡಸಾಲೆಯಲ್ಲಿ ನಿಂತು, ಅಡುಗೆಮನೆಯಲ್ಲಿದ್ದ ನನಗೆ ಕೇಳಲೆಂದು ಸಾಲಿಯ ದನಿಯಲ್ಲಿ, ಅವ್ವನ ಕೆಲಸ ಮುಗಿಯಿತೇ, ಎಷ್ಟೊತ್ತಿಗೆ ಎತ್ತೂದು ಎಂದು ಕೂಗಿದಳು. ನಮ್ಮ ಕಡೆ ಎಷ್ಟೊತ್ತಿಗೆ ಎತ್ತುತ್ತಾರೆ ಎಂದು ಕೇಳುವುದು ಸತ್ತ ಮನೆಯಲ್ಲಿ ಮಾತ್ರ. ಗೋಡೆಯಾಚೆಯ ಮನೆಯವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಓಡಿ ಬಂದಳು. ಬಂದು ನೋಡಿದರೆ ನಾನು ಟ್ರ್ಯಾಕ್ ಪ್ಯಾಂಟಿನಲ್ಲಿ ನಿಂತಿದ್ದೇನೆ.

"ನೀವ ಹೋದ್ರಿ ಅಂತ ಬಂದೆ ಅಕ್ಕಾರ, ಒಲಿ ಮ್ಯಾಲಿನ ಹಾಲ ಬಿಟ್ಟ ಬಂದೇನಿ," ಎಂದು ಮುಖ ಸಿಂಡರಿಸಿದಳು, ನಾನು ಸಾಯದೆ ಅವಳ ಹಾಲು ಉಕ್ಕಿಸಿದ ಹಾಗೆ.

ಎಲ್ಲರೂ ನಕ್ಕೆವು. ಅವಳು ಹೋದ ಮೇಲೆ ನನಗೆ ಮನಸ್ಸಿಗೆ ಸರಿ ಬರಲಿಲ್ಲ. ಹೊಸ ಕಲ್ಲಿಗೆ ಕುಂಕುಮ ಹಚ್ಚಿದ ದಿನವೇ ಇಂಥ ಮಾತು ಏಕೆ ಬರಬೇಕು? ಅಂಥ ಮನಸ್ಸಿನಲ್ಲೇ ರಾಡಿಗೆ ಕೈ ಹಾಕಿದೆ. ಎತ್ತಿದೆ. ಬಲಗಡೆ ಮೊದಲು ಎದ್ದಿತು. ಎಡಗಡೆ ತಡವಾಗಿ ಎದ್ದಿತು, ಎದ್ದ ಮೇಲೂ ಕೆಳಗೇ ಇತ್ತು.

ಹೊಸ ಭಾರ, ರೂಢಿಯಾಗುತ್ತದೆ ಎಂದು ಮಗಳು ಹೇಳಿ ಹುನಗುಂದದ ಬಸ್ಸು ಹತ್ತಿದಳು. ಮರುದಿನ ಬಿಟ್ಟು ಮರುದಿನ ಎತ್ತಿದೆ, ಎಡಕ್ಕೆ ವಾಲಿತು. ಅದರ ಮುಂದಿನ ಸಲವೂ ಎಡಕ್ಕೇ. ಬರಿಯ ರಾಡು ಎಂದೂ ಹಾಗೆ ವಾಲಿರಲಿಲ್ಲ. ಕೈ ಹಿಡಿಯುವ ಜಾಗವನ್ನು ಬೆರಳಿನಿಂದ ಅಳೆದು ನೋಡಿದೆ, ಎರಡೂ ಕಡೆ ಸಮ ಇತ್ತು. ಹಾಗಾದರೆ ಸಮ ಇಲ್ಲದ್ದು ನಾನೇ.

ನನ್ನ ಅವ್ವನಿಗೆ ಎಡಗಡೆಗೇ ಲಕ್ವ ಹೊಡೆದಿತ್ತು. ರೊಟ್ಟಿ ಬಡಿಯುತ್ತ ಕುಳಿತವಳು, ಎಡಗೈ ಯಾಕೋ ಹಿಟ್ಟು ಹಿಡಿಯುತ್ತಿಲ್ಲ ಎಂದಳಂತೆ. ಆಮೇಲೆ ಮೂರು ವರ್ಷ ಹಾಸಿಗೆ. ನಾಲ್ಕು ಮಂದಿ ಸೇರಿ ಎತ್ತಿ ಕೂಡಿಸಬೇಕು, ಎತ್ತಿ ಮಲಗಿಸಬೇಕು. ಅವಳ ಕಣ್ಣಲ್ಲಿ ನೋವಿಗಿಂತ ಹೆಚ್ಚಾಗಿ ನಾಚಿಕೆ ಇತ್ತು. ಆ ಕಣ್ಣು ನನಗೆ ಈಗ ದಿನಾ ನೆನಪಾಗತೊಡಗಿತು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಮಗಳು ರಾಡು ಬಿಡಿಸುತ್ತಾಳೆ, ರಾಡು ಬಿಟ್ಟರೆ ಹರಕೆ ಹೋಯಿತು. ಒಳಗೊಳಗೇ ಪರೀಕ್ಷೆ ಮಾಡಿಕೊಳ್ಳತೊಡಗಿದೆ. ಕನ್ನಡಿಯ ಮುಂದೆ ನಿಂತು ಹಲ್ಲು ಕಿಸಿಯುವುದು, ಬಾಯಿ ಸೊಟ್ಟಗಾಗಿದೆಯೇ ಎಂದು. ರಂಗೋಲಿ ಹಾಕಿ ದೂರ ನಿಂತು ಎಡಗಡೆಯ ಎಳೆ ಜಗ್ಗಿದೆಯೇ ಎಂದು ನೋಡುವುದು. ಎಡಗೈಯಲ್ಲಿ ಕೊಡ ಹಿಡಿದು ಮನಸ್ಸಿನಲ್ಲೇ ಎಣಿಸುವುದು, ಬಲಗೈಯಲ್ಲಿ ಹಿಡಿದು ಎಣಿಸುವುದು. ಒಂದು ದಿನ ಎಡಗಾಲ ಚಪ್ಪಲಿ ಜಾರಿತು, ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ನೋಡಿದರೆ ಚಪ್ಪಲಿಯ ಪಟ್ಟಿ ಸಡಿಲವಾಗಿತ್ತು. ಅದೂ ತಾಯಿಯ ದಯೆ ಎಂದುಕೊಂಡೆ. ಆದರೆ ಒಂದು ದಯೆ ಎಣಿಸುವುದರೊಳಗೆ ಇನ್ನೊಂದು ಅಂಜಿಕೆ ಬಂದಿರುತ್ತಿತ್ತು. ರಾಡು ಮಾತ್ರ ಬಿಡಲಿಲ್ಲ. ಪ್ರತಿ ಸಲ ತಾಯಿಯ ಹೆಸರು ಹೇಳಿ ಎತ್ತುವುದು, ಪ್ರತಿ ಸಲ ಎಡಗಡೆ ಕೆಳಗೆ.

ಗಣಪತಿ ಕಳುಹಿಸಿದ ಮೇಲೆ ತಾಳಲಾಗಲಿಲ್ಲ. ಬೀಗರ ಮನೆಗೆ ಹೋಗಿ ಬರುತ್ತೇನೆಂದು ಸುಳ್ಳು ಹೇಳಿ ಒಬ್ಬಳೇ ಬಾಗಲಕೋಟೆಯ ಬಸ್ಸು ಹತ್ತಿದೆ. ಹುನಗುಂದದಲ್ಲಿ ಬಸ್ಸು ನಿಂತಾಗ ಮಗಳು ಎಲ್ಲಿ ಕಂಡುಬಿಡುತ್ತಾಳೋ ಎಂದು ಕಿಟಕಿಯ ಕಡೆ ಸೆರಗು ಹಿಡಿದು ಕುಳಿತಿದ್ದೆ. ಜೀವಮಾನದಲ್ಲಿ ಮಗಳಿಗೆ ಅಡಗಿ ಕುಳಿತದ್ದು ಅದೇ ಮೊದಲು.

ಡಾಕ್ಟರು ವಯಸ್ಸಾದವರು, ಮೆಲ್ಲಗೆ ಮಾತಾಡುವವರು. ಏನಾಗುತ್ತದೆ ಎಂದು ಕೇಳಿದರು. ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಈ ವಯಸ್ಸಿನಲ್ಲಿ ರಾಡು ಎತ್ತುತ್ತೇನೆ ಎನ್ನಲು ನಾಚಿಕೆಯಾಗಿ, ಎರಡೂ ಕೈಯಲ್ಲಿ ಕೊಡ ಹಿಡಿದರೆ ಎಡಗಡೆಯದು ಕೆಳಗೆ ಹೋಗುತ್ತದೆ ಎಂದೆ. ಎರಡೂ ಕೈ ಚಾಚಿಸಿ ಕಣ್ಣು ಮುಚ್ಚಿಸಿದರು. ಅವರ ಬೆರಳು ಹಿಡಿದು ಹಿಸುಕಲು ಹೇಳಿದರು. ನಗಿಸಿದರು, ನಡೆಸಿದರು.

"ಕೈಯಾಗ ಏನೂ ಫರಕ ಕಾಣವಲ್ದು ಅಮ್ಮಾರ. ನಿಮ್ಮ ವಯಸ್ಸಿನವ್ರಿಗೆ ಇಷ್ಟ ಹಿಡಿತ ಇರೂದಿಲ್ಲ. ಆದ್ರ ನಿಮ್ಮ ಬಿ.ಪಿ. ಭಾಳ ಏರೈತಿ. ಎಂದಾದ್ರೂ ನೋಡಿಸಿದ್ರೇನು?"

ಎಂದೂ ನೋಡಿಸಿರಲಿಲ್ಲ. ದಿನಾ ತಪ್ಪದೆ ನುಂಗಬೇಕೆಂದು ಗುಳಿಗೆ ಬರೆದರು, ಎರಡು ವಾರ ಬಿಟ್ಟು ಬರಲು ಹೇಳಿದರು, ಎಡಗೈ ಇನ್ನೂ ಹಾಗೇ ಅನಿಸಿದರೆ ತಲೆಯ ಸ್ಕ್ಯಾನು ಮಾಡಿಸೋಣ ಎಂದರು. ಸ್ಕ್ಯಾನು ಎಂಬ ಮಾತೊಂದೇ ಹಿಡಿದುಕೊಂಡು ನಾನು ಮನೆಗೆ ಬಂದೆ. ಗುಳಿಗೆಯ ಚೀಟಿ ಕಂಡು ಯಜಮಾನರು ಕೇಳಿದರು, ಸುಳ್ಳು ಅಲ್ಲಿಗೆ ಮುಗಿಯಿತು. ಅವರು ಬೈಯಲಿಲ್ಲ. ಬೈಯದೆ ಇದ್ದದ್ದೇ ನನ್ನ ಅಂಜಿಕೆ ಹೆಚ್ಚಿಸಿತು. ಮಗಳಿಗೆ ಫೋನು ಮಾಡಿ ಹೇಳಿದರು. ಅವಳು ಡಾಕ್ಟರಿಗೆ ತಾನೇ ಫೋನು ಹಚ್ಚಿ, ರಾಡಿನ ವಿಷಯ ಬಿಚ್ಚಿ ಹೇಳಿ ಕೇಳಿದಳು. ಬಿ.ಪಿ. ಇಳಿಯುವತನಕ ಎತ್ತುವುದು ಬೇಡ, ಇಳಿದ ಮೇಲೆ ಹಗುರದಿಂದ ಶುರುಮಾಡಲಿ, ಎತ್ತುವಾಗ ಉಸಿರು ಬಿಗಿಹಿಡಿಯಬಾರದು ಎಂದರಂತೆ. ಎಡಗೈಗೆ ಸ್ಕ್ಯಾನಿನ ಮಾತನ್ನು ಮಾತ್ರ ಬಿಡಲಿಲ್ಲವಂತೆ; ಕೊಡದ ಸುಳ್ಳನ್ನು ನಾನು ಇನ್ನೂ ಯಾರಿಗೂ ಬಿಚ್ಚಿರಲಿಲ್ಲ.

ಹದಿನೈದು ದಿನ ಗುಳಿಗೆ ನುಂಗಿ ಸುಮ್ಮನಿದ್ದೆ. ಕುರ್ಚಿಯಿಂದ ಏಳುವುದು ಕೂಡುವುದು ಮಾತ್ರ. ಬಿ.ಪಿ. ಇಳಿಯಿತು. ಸ್ಕ್ಯಾನಿನ ದಿನ ಹಬ್ಬದ ನಂತರ ಎಂದು ಗೊತ್ತುಮಾಡಿದರು.

ಅಷ್ಟರಲ್ಲಿ ನವರಾತ್ರಿಯ ಘಟ್ಟ ಹಾಕುವ ಹಬ್ಬ ಬಂತು. ಮನೆಗೆ ಸುಣ್ಣ ಬಣ್ಣ ಆಗಬೇಕು. ದೇವರ ಮಾಡ ಖಾಲಿ ಮಾಡಿ, ಫೋಟೋ, ಮೂರ್ತಿ, ದೀಪ ಎಲ್ಲವನ್ನೂ ಎದುರು ಗೋಡೆಗೆ ಮಣೆಯ ಮೇಲೆ ಇಟ್ಟಿದ್ದೆವು. ಮುಂಜಾನೆ ಅಲ್ಲಿಯೇ ಪೂಜೆ ಮಾಡಿದೆ. ಹಗುರದಿಂದ ಶುರುಮಾಡು ಎಂದಿದ್ದರು. ನನಗೆ ಹಗುರ ಭಾರ ಬೇಕಿರಲಿಲ್ಲ, ಉತ್ತರ ಬೇಕಿತ್ತು. ಒಂದೇ ಒಂದು ಸಲ, ಬೆರಳಷ್ಟು ಎತ್ತಿ ಎಡಗೈ ನೋಡಿಬಿಡೋಣ ಎಂದು ಕಲ್ಲು ಕಟ್ಟಿದ ರಾಡಿನ ಹತ್ತಿರ ಹೋದೆ. ಅದು ಇದ್ದಲ್ಲೇ ಇತ್ತು, ಭಾರವೆಂದು ಸುಣ್ಣ ಬಳಿಯುವವರೂ ಸರಿಸಿರಲಿಲ್ಲ. ದೇವರು ಈಗ ಎದುರು ಗೋಡೆಯ ಕಡೆ ಇದ್ದುದರಿಂದ ನಾನು ರಾಡು ದಾಟಿ, ಆ ಕಡೆ ಮುಖಮಾಡಿ ನಿಂತೆ. ದೇವರಿಗೆ ಬೆನ್ನು ಮಾಡುವುದು ನಮ್ಮಲ್ಲಿ ಇಲ್ಲ. ತಾಯಿಯ ಹೆಸರು ಹೇಳಿ ಮೆಲ್ಲಗೆ ಎತ್ತಿದೆ.

ಎಡಗಡೆ ಮೊದಲು ಎದ್ದಿತು. ಬಲಗಡೆ ಕೆಳಗೆ ಉಳಿಯಿತು.

ರಾಡು ಬಿಟ್ಟು ನೆಲಕ್ಕೆ ಕುಳಿತೆ. ಬಲಗೈಗೂ ಬಂತು ಎಂದೇ ನನ್ನ ತಲೆಗೆ ಹೊಳೆದದ್ದು. ಒಂದು ಪಕ್ಕ ಹೋದವರನ್ನು ಕಂಡಿದ್ದೆ, ಎರಡೂ ಹೋದವರನ್ನು ಕಂಡಿರಲಿಲ್ಲ. ಯಜಮಾನರನ್ನು ಕೂಗಿದೆ. ನೂಲು ತೂಗುತ್ತಿದ್ದವರು ಎದ್ದು ಬಂದರು. ಬಲಗೈ ಹೋಯಿತು ಎಂದೆ. ಎಡಗೈ ಎಂದಿದ್ದೆಯಲ್ಲ ಎಂದರು. ಎಡಗೈ ಈಗ ಸರಿ ಇದೆ, ಬಲಗೈ ಹೋಯಿತು ಎಂದೆ. ಅವರು ನನ್ನನ್ನು ನೋಡಿದರು, ರಾಡು ನೋಡಿದರು, ಮಣೆಯ ಮೇಲಿನ ದೇವರನ್ನು ನೋಡಿದರು. ಕೆಳಗೆ ಕುಳಿತು ಹುರಿಯ ಗಂಟು ಬಿಚ್ಚತೊಡಗಿದರು. ಎರಡೂ ಕಲ್ಲು ತೆಗೆದು ಒಂದೊಂದಾಗಿ ಉರುಳಿಸಿಕೊಂಡು ಹೋಗಿ, ನೂಲು ತೂಗುವ ತಕ್ಕಡಿಯ ಮೇಲೆ ಇಟ್ಟರು. ಕೆಂಪು ಎಂಟು ಕಿಲೋ. ಕರಿಯದು ಒಂಬತ್ತು ದಾಟಿತ್ತು.

"ಲಕ್ವ ಹೊಡದದ್ದ ಕಲ್ಲಿಗೆ ಬಿಡ, ನಿನಗಲ್ಲ," ಎಂದರು.

ಹೇಳುವಾಗ ನಗಬೇಕೆಂದೇ ಹೊರಟಿದ್ದರು. ನಗುವ ಬದಲು ಪಂಚೆಯ ತುದಿಯಿಂದ ಮೂಗು ಒರೆಸಿಕೊಂಡರು. ಹದಿನೈದು ದಿನದಿಂದ ಅವರೂ ನನ್ನ ಹಾಗೇ ಒಳಗೊಳಗೆ ಪರೀಕ್ಷೆ ಮಾಡುತ್ತಿದ್ದರೆಂದು ನನಗೆ ಆಗಲೇ ತಿಳಿದದ್ದು. ಊಟಕ್ಕೆ ಕುಳಿತಾಗ ಸುಮ್ಮಸುಮ್ಮನೆ ಎಡಗಡೆಯ ಉಪ್ಪಿನಕಾಯಿ ಭರಣಿ ಕೊಡು ಎನ್ನುತ್ತಿದ್ದುದು ಅದಕ್ಕೇ.

ಮೈದುನ ಬಂದು ತಲೆ ತಗ್ಗಿಸಿ ನಿಂತ. "ಕರಿ ಕಲ್ಲ ತೂಕ ಜಾಸ್ತಿ ಅಂತ ದಿನಾ ಲಾರಿ ತುಂಬವ್ರು ಬಡಕೋತಾರ ವೈನಿ. ನಾ ಬರೇ ಅಳತಿ ನೋಡಿದೆ."

ಅವನನ್ನು ಏನನ್ನಲಿ? ನಾನಾದರೂ ಒಂದು ದಿನ ರಾಡಿನ ಆಚೆ ನಿಂತು ನೋಡಿದ್ದರೆ ಅಷ್ಟು ದಿನದ ಸಂಕಟ ಇರುತ್ತಿರಲಿಲ್ಲ. ದೇವರಿಗೆ ಬೆನ್ನು ಮಾಡಬಾರದೆಂದು ಒಂದೇ ಕಡೆ ನಿಂತವಳು ನಾನು. ಕಲ್ಲು ಸರಿ ಇದ್ದಿದ್ದರೆ ಬಾಗಲಕೋಟೆಗೆ ಹೋಗುತ್ತಿರಲಿಲ್ಲ, ಹೋಗದಿದ್ದರೆ ಏರಿದ ಬಿ.ಪಿ. ಗೊತ್ತೇ ಆಗುತ್ತಿರಲಿಲ್ಲ, ಅದು ಏರಿ ಏರಿ ಒಂದು ದಿನ ನಿಜವಾಗಿಯೂ ಹೊಡೆಯುತ್ತಿತ್ತು. ಹಾಗೆಂದು ನಾನು ಮೈದುನನಿಗೆ ಹೇಳಿದೆ. ಅವನು ಮೂರನೆಯ ದಿನ ಇನ್ನೊಂದು ಕೆಂಪು ಕಲ್ಲು ತಂದ, ತೂಗಿಯೇ ತಂದ. ಹಬ್ಬದ ನಂತರ ಡಾಕ್ಟರಿಗೆ ನಾನೇ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ನಕ್ಕರು, ಸ್ಕ್ಯಾನು ಬೇಡವೆಂದರು, ಗುಳಿಗೆ ಬಿಡಬಾರದೆಂದರು.

ಅಂಜಿಕೆ ಮಾತ್ರ ಕಲ್ಲಿನ ಜೊತೆ ಹೋಗಲಿಲ್ಲ. ರಾಡು ಈಗ ಸಮನಾಗಿ ಏಳುತ್ತದೆ. ಆದರೂ ಎತ್ತಿದ ಕೂಡಲೇ ಕಣ್ಣು ಎಡಕ್ಕೆ ಹೋಗುತ್ತದೆ. ಮಗಳು ಎದುರು ನೋಡು ಎಂದು ಗದರಿಸುತ್ತಾಳೆ. ಬರಿಯ ರಾಡಿನಿಂದ ಮತ್ತೆ ಶುರುಮಾಡಿ, ತಿಂಗಳು ಕಳೆದ ಮೇಲೆ ಎರಡು ಕೆಂಪು ಕಲ್ಲು ಕಟ್ಟಿದಳು. ಪಡಸಾಲೆಯಲ್ಲಿ ಬೀಳಿಸಿ ಏಳಿಸಿ ದೀಡ ನಮಸ್ಕಾರದ ರೂಢಿಯನ್ನೂ ಮಾಡಿಸಿದಳು, ಮೊದಲು ಹತ್ತು, ಆಮೇಲೆ ಇಪ್ಪತ್ತು, ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತ.

ಮಾರ್ಗಶಿರದ ಒಂದು ಶುಕ್ರವಾರ ಬಾದಾಮಿಗೆ ಹೋದೆವು, ನಾನು, ಯಜಮಾನರು, ಮಗಳು. ಡಾಕ್ಟರನ್ನು ಕೇಳಿಯೇ ಹೋದದ್ದು. ಗುಡಿಯ ಹತ್ತಿರ ತಣ್ಣೀರು ಹಾಕಿಕೊಂಡಾಗ ಹಲ್ಲು ಕಟಕಟ ಎಂದವು. ಮಗಳು ಸುಣ್ಣದ ಕಡ್ಡಿ ಹಿಡಿದು ಗೆರೆ ಎಳೆಯುತ್ತ ಬಂದಳು. ಮೂರಾದವು. ನಾಲ್ಕನೆಯದಕ್ಕೆ ಬಿದ್ದೆ. ಎದ್ದೆ. ಹತ್ತಾಯಿತು, ಇಪ್ಪತ್ತಾಯಿತು. ಎಣಿಸುವುದನ್ನು ಮಗಳಿಗೆ ಬಿಟ್ಟೆ. ಯಜಮಾನರು ಒಣ ಟವೆಲು, ನೀರಿನ ಬಾಟಲಿ, ನನ್ನ ಚಷ್ಮಾ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದರು.

ಗುಡಿಯ ಹಿಂಬದಿಗೆ ಬರುವ ಹೊತ್ತಿಗೆ ತೊಡೆ ನಡುಗತೊಡಗಿತು. ಮುಂದಿನ ಮೂಲೆ ತಿರುಗುವಲ್ಲಿ ಬಿದ್ದೆ, ಎಡ ಮುಂಗೈ ಊರಿದೆ, ಅದು ಮಡಚಿಕೊಂಡಿತು. ಕೆನ್ನೆ ಕಲ್ಲಿಗೆ ತಾಗಿತು. ಎಡವೇ. ಕಲ್ಲಿನ ತಪ್ಪು ಎಂದದ್ದೆಲ್ಲ ಸುಳ್ಳು, ತಕ್ಕಡಿಯೂ ಸುಳ್ಳು, ಅದು ಬಂದೇ ಬಂತು ಎಂದುಕೊಂಡೆ. ಹಿಂದೆ ಬರುತ್ತಿದ್ದ ಹೆಂಗಸೊಬ್ಬಳು, ಪಾಪ ವಯಸ್ಸಾದವರು, ಎಬ್ಬಿಸಿರಿ ಎಂದಳು. ಮಗಳ ಕೈ ನನ್ನ ಭುಜದ ಹತ್ತಿರ ಬಂದ ನೆರಳು ಕಂಡಿತು.

"ಮುಟ್ಟಬ್ಯಾಡ," ಎಂದೆ.

"ಮುಟ್ಟೂದಿಲ್ಲ. ಉಸರ ಬಿಡು ಮೊದಲ. ಬಿಗಿಹಿಡಿದೀ ನೋಡ."

ನಿಜವೇ, ಉಸಿರು ಹಿಡಿದುಬಿಟ್ಟಿದ್ದೆ. ಬಿಟ್ಟೆ. ಒದ್ದೆ ಕಲ್ಲಿನ ಮೇಲೆ ನನ್ನದೇ ಉಸಿರಿನ ಬಿಸಿ ತಾಗಿತು. ಎಡಗೈಯ ಬೆರಳು ಮಡಚಿದೆ, ಮಡಚಿದವು. ಬಿಡಿಸಿದೆ, ಬಿಡಿಸಿದವು. ದಣಿದಿವೆ, ಸತ್ತಿಲ್ಲ. ಎರಡೂ ಅಂಗೈ ಎದೆಯ ಪಕ್ಕಕ್ಕೆ ತಂದು, ಪಾದ ಒಳಗೆ ಎಳೆದುಕೊಂಡು, ಮಗಳು ಹೇಳಿಕೊಟ್ಟ ಹಾಗೆ ಕಾಲಿನಿಂದ ನೆಲವನ್ನು ಒತ್ತಿದೆ. ಮೊದಲು ಸೊಂಟ ಎದ್ದಿತು. ಆಮೇಲೆ ನಾನು ಎದ್ದೆ. ಗೆರೆಯ ಮೇಲೆ ನಿಂತೆ. ಮತ್ತೆ ಬಿದ್ದೆ.

ಬಾಗಿಲ ಮುಂದೆ ಕೊನೆಯದಕ್ಕೆ ಎದ್ದು ನಿಂತಾಗ ಒಟ್ಟು ಎಷ್ಟಾಯಿತೆಂದು ಮಗಳನ್ನು ಕೇಳಿದೆ. ಆ ಮೂಲೆಯಲ್ಲಿ ನನ್ನನ್ನು ನೋಡುತ್ತ ಎಣಿಕೆ ತಪ್ಪಿತು ಎಂದಳು. ಒಂದು ಸುತ್ತು ಎಂದರೆ ಒಂದು ಸುತ್ತು, ತಾಯಿಗೆ ಗೊತ್ತು ಎಂದು ಯಜಮಾನರು ಟವೆಲು ಹೊದಿಸಿದರು.

ಒಳಗೆ ತಾಯಿಯ ಮುಂದೆ ಕೈ ಮುಗಿದು ನಿಂತೆ. ಬೇಡುವುದು ಬಹಳ ಇತ್ತು. ಬಿ.ಪಿ. ಏರದಿರಲಿ, ಯಜಮಾನರ ಕಣ್ಣಿನ ಪೊರೆ ಬೇಗ ಹೋಗಲಿ, ಮಗಳಿಗೆ ಇಳಕಲ್ಲಿಗೆ ವರ್ಗವಾಗಲಿ. ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆಯಲು ಧೈರ್ಯವಾಗಲಿಲ್ಲ. ಬೇಡಿದರೆ ಮತ್ತೆ ಏನು ಹೊತ್ತುಕೊಂಡುಬಿಡುತ್ತೇನೋ ಎಂದು ಅಂಜಿ, ಕೂಸು ಚೆನ್ನಾಗಿದೆ ತಾಯಿ ಎಂದಷ್ಟೇ ಹೇಳಿ, ಕುಂಕುಮ ಹಚ್ಚಿಕೊಂಡು ಹೊರಗೆ ಬಂದೆ.